ಮಿರ್ಚಿ ಅಂಗಡಿಯ ಬೋರ್ಡಿನಲ್ಲಿ ಚಳಿಗಾಲ

ಹಡಗಲಿ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿ. ಬೋರ್ಡಿನಲ್ಲಿ ವಗ್ಗರಣಿ, ಮಿರ್ಚಿ, ಚಾ. ಅದರ ಕೆಳಗೆ ಸೀಮೆಸುಣ್ಣದಲ್ಲಿ 'ಚಳಿಗಾಲ, ಎರಡಕ್ಷರ'. ಪೇಪರಿನ ಪದಬಂಧದಲ್ಲಿ ತನಗೆ ಹೊಳೆಯದ್ದನ್ನು ಮಾಲೀಕ ಕೊಟ್ರೇಶಿ ಹೀಗೆ ಗಿರಾಕಿಗಳ ಮುಂದಿಡುತ್ತಾನಂತೆ.

"ವರ್ಷ ಆತ್ರಿ, ಪದಬಂಧದಾಗ ಒಂದು ಮನಿನೂ ಖಾಲಿ ಬಿಟ್ಟಿಲ್ಲ. ಇವತ್ತು ಮರ್ಯಾದಿ ಹೋಗತೈತಿ."

"ಹಿಮ," ಎಂದೆ, ದೊಡ್ಡ ಪಂಡಿತನಂತೆ.

"ಹಡಗಲ್ಯಾಗ ಹಿಮ ಎಲ್ಲಿ ನೋಡೀರಿ ಸರ? ಕೊನಿಗೆ 'ಗಿ' ಬರಬೇಕು."

ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಹಂಪವ್ವ ತಲೆ ಎತ್ತದೆ ಅಂದಳು, "ಮಾಗಿ ಅಲ್ಲೇನಲೇ? ಮಾಗಿ ಹೊಕ್ಕಿದ್ದಕ್ಕ ನನ್ನ ಹೂವಿನ ಪುಟ್ಟಿ ಅರ್ಧ ಆಗೇತಿ!"

ಕೊಟ್ರೇಶಿ ಪೇಪರು, ಪೆನ್ನು ಎರಡನ್ನೂ ಅವಳ ಕೈಗೇ ಕೊಟ್ಟ. "ನೀನ ಬರಿ, ಯವ್ವಾ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಬರೆದಳು. ಎರಡೂ ಅಕ್ಷರ ಮನೆ ದಾಟಿ ಹೊರಬಂದವು. ಅಷ್ಟರಲ್ಲಿ ನನ್ನ ಬಸ್ಸು ಹಾರ್ನ್ ಹೊಡೆಯಿತು. ಓಡಿ ಹತ್ತಿ ಕಿಟಕಿಯಲ್ಲಿ ನೋಡಿದರೆ, ಹಂಪವ್ವ ಪೇಪರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು.

"ಅಲ್ಲಿಗೆ ಕಾಣತೈತೇನ್ರೀ?"