ನೆಲದಡಿಯ ಹರಿವಿಗೆ ಬಾಸ್ಸು ಕಾವಲು

ಸೂರ್ಯ ಇನ್ನೂ ಅಟ್ಲಾಸ್ ಬೆಟ್ಟದ ಆಚೆಯೇ ಇದ್ದಾನೆ. ಐತ್ ಉಸ್ರು ಊರಿನ ಮೇಲಿನ ಬಂಡೆಯ ಬಳಿ ಬಾಸ್ಸು ಮೊಣಕಾಲೂರಿ ಕೂತು, ಸೌರಫಲಕದ ಮೇಲಿನ ಹಿಮವನ್ನು ಹಳೆಯ ಕಂಬಳಿ ತುಂಡಿನಿಂದ ಸರಿಸುತ್ತಾರೆ. ಪಕ್ಕದ ಕುಣಿಯ ತಗಡಿನ ಮುಚ್ಚಳ ಎತ್ತಿ ಇಣುಕುತ್ತಾರೆ. ಹಸಿರು ದೀಪ ಮಿನುಗುತ್ತಿದೆ. ಯಾರದೋ ಹೇಸರಗತ್ತೆಯನ್ನು ಬೇಲಿಯಿಂದಾಚೆ ಅಟ್ಟಿದರೆ ಬೆಳಗಿನ ಕೆಲಸ ಮುಗಿಯಿತು.

"ಕುರಿ ಕಾಯೋದಕ್ಕಿಂತ ಸುಲಭ. ಇದು ಓಡಿ ಹೋಗಲ್ಲ," ಎನ್ನುತ್ತಾರೆ.

ಕುಣಿಯಲ್ಲಿರುವುದು ಭೂಕಂಪನ ಅಳೆಯುವ ಯಂತ್ರ. ಭೂಮಿಯ ಇನ್ನೊಂದು ಮಗ್ಗುಲಲ್ಲಿ ನೆಲ ನಡುಗಿದರೆ, ಅದರ ಅಲೆ ಭೂಗರ್ಭ ಹಾದು ಇಲ್ಲಿಗೂ ಬರುತ್ತದೆ. ನಮ್ಮ ಕಾಲಡಿಯ ಗಟ್ಟಿ ನೆಲಕ್ಕೂ ಕೆಳಗೆ ಕಾದ ಬಂಡೆ, ಉಗುರು ಬೆಳೆದಷ್ಟೇ ನಿಧಾನವಾಗಿ ಹರಿಯುತ್ತಿದೆ. ಹರಿವಿನ ಗುಂಟ ಅದರ ಹರಳುಗಳು ಸಾಲುಗಟ್ಟಿರುತ್ತವೆ. ಅಲ್ಲಿ ಹೊಕ್ಕ ಅಲೆ ಎರಡಾಗಿ ಸೀಳಿ, ಒಂದು ಮುಂಚೆ, ಒಂದು ತುಸು ತಡವಾಗಿ ಮೇಲೆ ಬರುತ್ತದೆ. ಅದನ್ನು ನೋಡಿ ಹರಿವಿನ ದಿಕ್ಕು ಹೇಳುವವರು ರಾಜಧಾನಿ ರಬಾತಿನ ವಿಜ್ಞಾನಿ ನಜ್ವಾ ಸಿಬಾರಿ. ಬಾಸ್ಸುಗೆ ಇದನ್ನು ತಿಳಿಸಿಕೊಟ್ಟವರೂ ಅವರೇ, ಅಂಗಳದ ಸೌದೆ ತೋರಿಸಿ.

"ದೇವದಾರು ಸೀಳುವಾಗ ಎಳೆ ಹಿಡಿದು ಹೊಡೆದ್ರೆ ಕೊಡಲಿ ಸರ್ರನೆ ಇಳಿಯುತ್ತೆ. ಅಡ್ಡ ಹೊಡೆದ್ರೆ ತಡೆಯುತ್ತೆ. ಕೆಳಗಿನ ಕಲ್ಲಿಗೂ ಹಂಗೇ ಎಳೆ ಇದೆಯಂತೆ," ಎನ್ನುತ್ತಾರೆ ಬಾಸ್ಸು.

ಬಾಸ್ಸು ಮೊದಲು ಸೀಸದ ಗಣಿಯಲ್ಲಿದ್ದವರು. ಗಣಿ ಮುಚ್ಚಿತು, ಕೆಮ್ಮು ಉಳಿಯಿತು. ಯಂತ್ರಕ್ಕೆ ಕುಣಿ ತೋಡಲು ಕೂಲಿಗೆ ಬಂದ ಬಾಸ್ಸು ಅದರ ಕಾವಲಿಗೇ ನಿಂತರು. "ಬಾಸ್ಸು ಕಲ್ಲಿನ ನಾಡಿ ನೋಡ್ತಾನೆ" ಎಂದು ಊರು ಈಗಲೂ ಆಡಿಕೊಳ್ಳುತ್ತದೆ.

ಹೋದ ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿತ್ತು, ವಿದ್ಯುತ್ ಕಂಬಗಳು ಉರುಳಿದ್ದವು. ಪಕ್ಕದ ಮನೆಯ ಸೊಸೆ ಫಾದ್ಮಾಗೆ ಹೆರಿಗೆ ನೋವು. ಕಿಟಕಿಯವರೆಗೂ ಹಿಮ, ಹಗಲಲ್ಲೇ ಕತ್ತಲು. ಸೂಲಗಿತ್ತಿ ಇಝ್ಝಾ, "ಮಗು ಅಡ್ಡ ತಿರುಗಿದೆ. ನನ್ನ ಕಣ್ಣು ಮೊದಲೇ ಮಂಜು. ಬೆಳಕಿಲ್ಲದೆ ಕೈ ಹಾಕಲ್ಲ," ಅಂದುಬಿಟ್ಟರು. ಬಾಸ್ಸು ಅವರ ಹೆಂಡತಿ ತೂದಾ ಗಂಡನ ಕಡೆ ತಿರುಗಿದರು: "ಕುಣೀಲಿ ದೀಪ ಹಚ್ಚಿಟ್ಟಿದೀಯಲ್ಲ, ಯಾರಿಗೆ? ಕಲ್ಲಿಗಾ?"

ಬಾಸ್ಸು ಸೊಂಟದವರೆಗಿನ ಹಿಮದಲ್ಲಿ ಹತ್ತಿಹೋಗಿ ಯಂತ್ರದ ಬ್ಯಾಟರಿ ಕಿತ್ತು ಹೊತ್ತು ತಂದರು. ಜೀಪಿನ ಹಳೆಯ ಬಲ್ಬಿಗೆ ತಂತಿ ಸುತ್ತಿದರು. ಸಂಜೆಯೊಳಗೆ ಹೆಣ್ಣುಮಗು ಅತ್ತಿತು.

ಅದೇ ದಿನ ಪೆಸಿಫಿಕ್ ಸಾಗರದ ಆಚೆ ದೊಡ್ಡ ಭೂಕಂಪವಾಗಿತ್ತು. ನಜ್ವಾ ವರ್ಷಗಟ್ಟಲೆ ಕಾದಿದ್ದ ದಿಕ್ಕಿನದು. ಅಲೆ ಐತ್ ಉಸ್ರು ಊರಿನ ಅಡಿಯಲ್ಲೂ ಹಾದುಹೋಯಿತು. ಯಂತ್ರಕ್ಕೆ ಜೀವವಿರಲಿಲ್ಲ.

ದಾರಿ ತೆರೆದು ಫೋನು ಹತ್ತಿದ ಕೂಡಲೇ ಬಾಸ್ಸು ತಾವೇ ಕರೆ ಮಾಡಿದರು. "ನಜ್ವಾ ಅಮ್ಮಾವ್ರೇ, ಯಂತ್ರ ಕೆಟ್ಟಿರಲಿಲ್ಲ. ಹೆರಿಗೆಗೆ ಬೆಳಕು ಬೇಕಿತ್ತು, ಬ್ಯಾಟರಿ ನಾನೇ ಕಿತ್ತೆ."

"ಅವತ್ತಿನ ಅಲೆಗೇ ಇಷ್ಟು ವರ್ಷ ಕಾದಿದ್ದೆ, ಚಿಕ್ಕಪ್ಪ," ಎಂದು ಆಕೆ ಫೋನಿಟ್ಟರು.

ಕೆಲಸ ಹೋಯಿತೆಂದೇ ಬಾಸ್ಸು ಅಂದುಕೊಂಡರು. ಆದರೂ ಬೆಳಗಾದರೆ ಹಿಮ ಸರಿಸುವುದನ್ನು ಬಿಡಲಿಲ್ಲ. ವಸಂತದಲ್ಲಿ ನಜ್ವಾ ಬಂದರು, ಬಾಣಂತಿಗೆಂದು ಸಕ್ಕರೆ ಅಚ್ಚು ಹಿಡಿದು. ಮಗುವನ್ನು ಎತ್ತಿಕೊಂಡು ಅದರ ಕಂಬಳಿ ಸರಿಮಾಡಿದರು. ಆಮೇಲೆ, "ಅವತ್ತು ಸಿಟ್ಟು ಬಂದಿತ್ತು. ಆ ಅಲೆ ಕೈತಪ್ಪಿದ್ದು ಈಗಲೂ ಮರೆತಿಲ್ಲ. ಆದ್ರೆ ನಿಮ್ಮ ಜಾಗದಲ್ಲಿ ನಾನಿದ್ರೂ ಕೀಳ್ತಿದ್ದೆ," ಅಂದರು.

ಬೇಸಿಗೆಯ ಸುಗ್ಗಿಯ ಹೊತ್ತಿಗೆ ಅದೇ ದಿಕ್ಕಿನಿಂದ ಇನ್ನೊಂದು ಅಲೆ ಬಂತು. ಸಣ್ಣದು, ಆದರೂ ಹರಿವಿನ ದಿಕ್ಕು ಗುರುತಿಸಲು ಅಷ್ಟು ಸಾಕಿತ್ತು. ನಜ್ವಾ ಬರೆಯುತ್ತಿರುವ ಬೆಟ್ಟದ ಅಡಿಯ ಹರಿವಿನ ನಕ್ಷೆಯಲ್ಲಿ ಈಗ ಐತ್ ಉಸ್ರು ಜಾಗದಲ್ಲೊಂದು ಪುಟ್ಟ ಗೆರೆಯಿದೆ, ಪಕ್ಕದಲ್ಲಿ ಬರೀ ಯಂತ್ರದ ಸಂಖ್ಯೆ. ಅಲ್ಲಿ ಊರಿನ ಹೆಸರು ಬರೆಯಿಸಬೇಕೆಂಬುದು ಬಾಸ್ಸು ಅವರ ಆಸೆ.

"ಹೆಸರು ಹಾಕಿಸಿದ್ರೆ ಟಾರು ರಸ್ತೆ ಬರುತ್ತಾ?" ಎಂದು ತೂದಾ ಚಹಾ ಬಗ್ಗಿಸುತ್ತಾ ಕೆಣಕುತ್ತಾರೆ.

"ರಸ್ತೆ ನಕ್ಷೆಯೋರು ನಮ್ಮೂರನ್ನ ಬಿಟ್ಟೇಬಿಟ್ರು," ಎನ್ನುತ್ತಾರೆ ಬಾಸ್ಸು. "ನೆಲದ ಕೆಳಗಿನ ನಕ್ಷೆಯಲ್ಲಾದ್ರೂ ಇರ್ಲಿ ಬಿಡೆ."