ತುಂಬಿಸಿ ಕೊಟ್ಟ ಎಂಪಿತ್ರೀ ಪ್ಲೇಯರ್

2005ರಲ್ಲಿ ನಾನು ಹುಣಸೂರು ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸೇಲ್ಸ್ ವಿಭಾಗದ ಮುಖ್ಯಸ್ಥನಾಗಿದ್ದೆ. ಸರ್ವೀಸ್ ವಿಭಾಗದ ಮುಖ್ಯಸ್ಥನೂ ನಾನೇ. ಬೆಳಿಗ್ಗೆ ಕಸ ಗುಡಿಸುವ ವಿಭಾಗಕ್ಕೂ ನನ್ನದೇ ನೇತೃತ್ವ. ನನ್ನ ಮೇಲಿದ್ದವರು ಮಾಲೀಕರಾದ ಸ್ವಾಮಣ್ಣನವರು, ನನ್ನ ಕೆಳಗಿದ್ದದ್ದು ಒಂದು ಸ್ಟೂಲು.

ಇದು ಸಂಬಳದ ಕೆಲಸ. ಸಂಬಳವಿಲ್ಲದೆ ಮಾಡುತ್ತಿದ್ದದ್ದು ಮಿಮಿಕ್ರಿ. ಕೆ.ಆರ್. ನಗರದವರು ಬಂದು ಹೋದರೆ ಅವರ ಚೌಕಾಸಿ, ಎಚ್.ಡಿ. ಕೋಟೆ ಕಡೆಯವರು ಬಂದು ಹೋದರೆ ಅವರ ಅನುಮಾನ, ಯಾರೂ ಬರದಿದ್ದರೆ ಸ್ವಾಮಣ್ಣನವರ ಆಕಳಿಕೆ. ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಫೇಲಾದವನಿಗೆ ದೇವರು ಏನಾದರೂ ಕೊಡಲೇಬೇಕಲ್ಲ, ಗಂಟಲು ಕೊಟ್ಟಿದ್ದ. ಸ್ಟ್ಯಾಂಡಿನವರೆಲ್ಲ ನನ್ನನ್ನು ‘ಟೇಪು’ ಎಂದೇ ಕರೆಯುತ್ತಿದ್ದರು.

ನನ್ನ ಅತ್ಯಂತ ಜನಪ್ರಿಯ ಐಟಂ ಮಾದೇವಣ್ಣನದು. ಮಾದೇವಣ್ಣ ಪ್ರೈವೇಟ್ ಬಸ್ಸುಗಳ ಏಜೆಂಟ್. ಏಜೆಂಟ್ ಎಂದರೆ ಸ್ಟ್ಯಾಂಡಿನಲ್ಲಿ ನಿಂತು ಊರುಗಳ ಹೆಸರು ಕೂಗಿ ಜನರನ್ನು ಬಸ್ಸು ಹತ್ತಿಸುವವನು. “ಕಂಪ್ಲಾಪುರಾ, ಪಿರಿಯಾಪಟ್ಣಾ, ರಾವಂದೂರೂ! ಸೀಟೈತೆ ಸೀಟೈತೆ!” ಎಂದು ಅವನು ಕೂಗಿದರೆ ನಮ್ಮ ಶೋಕೇಸಿನ ಗಾಜು ಅದುರುತ್ತಿತ್ತು. ಆ ವರ್ಷ ಕೂಗಿನ ಕೊನೆಗೆ ಒಂದು ಕೆಮ್ಮು ಸೇರಿಕೊಂಡಿತ್ತು. ನಾನದನ್ನೂ ಐಟಮ್ಮಿಗೆ ಸೇರಿಸಿಕೊಂಡೆ. ಜನ ಹೆಚ್ಚು ನಗುತ್ತಿದ್ದದ್ದು ಕೂಗಿಗಲ್ಲ, ಆ ಕೆಮ್ಮಿಗೆ. ಒಮ್ಮೆ ಮಾದೇವಣ್ಣನೇ ಹಿಂದೆ ನಿಂತು ಕೇಳಿಸಿಕೊಂಡು, “ಏನ್ಲಾ ಟೇಪು, ನಾಳಿಂದ ನೀನೇ ಕೂಗ್ಲಾ, ನಾನ್ ಮನೇಲಿ ಮಲೀಕತೀನಿ” ಎಂದು ನಕ್ಕಿದ್ದ.

ಎಂಪಿತ್ರೀ ಪ್ಲೇಯರ್ ಆಗ ತಾನೇ ನಮ್ಮೂರಿಗೆ ಕಾಲಿಟ್ಟಿತ್ತು. ಕ್ಯಾಸೆಟ್ಟಿಲ್ಲ, ಸಿಡಿಯಿಲ್ಲ, ಕಂಪ್ಯೂಟರಿನಿಂದ ಹಾಡುಗಳನ್ನು ನೇರ ಅದರ ಮೆಮೊರಿಗೆ ಇಳಿಸುವುದು. ನಮ್ಮಲ್ಲಿ ಎರಡು ಬಗೆ ಇತ್ತು. ಒಂದು ಹೊಸದು, ಹೆಬ್ಬೆರಳಿನಷ್ಟು, 128 ಎಂಬಿ. ಸುಮಾರು ಮೂವತ್ತು ಹಾಡು ಹಿಡಿಯುತ್ತದೆ. ಇನ್ನೊಂದು ಯಾರೋ ಗಲ್ಫಿನಿಂದ ತಂದು ಮಾರಿ ಹೋಗಿದ್ದ ಹಳೆಯದು, ಸೋಪಿನ ಬಿಲ್ಲೆಯಷ್ಟು ದಪ್ಪ, ಒಳಗೆ ಹಾರ್ಡ್ ಡಿಸ್ಕ್, 20 ಜಿಬಿ; ಸಾವಿರಗಟ್ಟಲೆ ಹಾಡು ಹಿಡಿಯುತ್ತದೆ. ಎರಡರಲ್ಲೂ ಮಾತು ರೆಕಾರ್ಡ್ ಮಾಡುವ ಮೈಕ್ ಇತ್ತು. ಹಳೆಯದಾದ್ದರಿಂದ ದೊಡ್ಡದರ ಬೆಲೆಯೂ ಹೆಚ್ಚು ಕಡಿಮೆ ಚಿಕ್ಕದರಷ್ಟೇ. ಹಾಗಾಗಿ ಗಿರಾಕಿ ತೂಗಬೇಕಾದ್ದು ಒಂದೇ: ಸೈಜು ಮುಖ್ಯವೋ, ಜಾಗ ಮುಖ್ಯವೋ.

ಒಂದು ಮಧ್ಯಾಹ್ನ ಮಾದೇವಣ್ಣನ ಮಗಳು ಮಂಜಕ್ಕ ಬಂದಳು. ರಾವಂದೂರಿಗೆ ಕೊಟ್ಟಿದ್ದರು. ಎರಡೂವರೆ ವರ್ಷದ ಮಗ ಚಂದನನಿಗೆ ತಾತನೆಂದರೆ ಪ್ರಾಣ. ಮಾದೇವಣ್ಣ ಡ್ಯೂಟಿ ಮುಗಿಸಿ ಕೊನೇ ಬಸ್ಸಿಗೆ ಮಗಳ ಮನೆಗೇ ಹೋಗಿ ಉಳಿಯುತ್ತಿದ್ದ. ಎರಡು ಪ್ಲೇಯರನ್ನೂ ಕೈಯಲ್ಲಿ ಹಿಡಿದು ನೋಡಿ ಅವಳು ದೊಡ್ಡದನ್ನು ಮುಂದಕ್ಕೆ ತಳ್ಳಿದಳು.

“ಇದೇ ಇರ್ಲಿ ಕಣೋ ಶಿವು. ಜಾಸ್ತಿ ಇಡೀತದಲ್ವಾ?”

“ಅಯ್ಯೋ ಮಂಜಕ್ಕಾ, ಅದು ಇಟ್ಟಿಗೆ ಕಣಕ್ಕ! ಮನೆ ಕಟ್ಟಿಸ್ತಿದ್ದೀಯಾ?” ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಅದನ್ನು ಕೊರಳಿಗೆ ನೇತು ಹಾಕಿಕೊಂಡು, ಭಾರಕ್ಕೆ ಗೂನು ಬಿದ್ದವಳಂತೆ ಬಸ್ಸು ಹತ್ತಿ ತೋರಿಸಿದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಂಜಕ್ಕನ ಮುಖ ಕೆಂಪಾಯಿತು.

“ಅಂಗಲ್ಲ ಕಣೋ, ನಮ್ಮಪ್ಪಂದು ಗಂಟ್ಲು...” ಎಂದು ಅವಳು ಶುರುಮಾಡಿದಳು.

ಅಪ್ಪ ಎಂಬ ಪದ ಕಿವಿಗೆ ಬಿತ್ತೋ ಇಲ್ಲವೋ, “ಕಂಪ್ಲಾಪುರಾ, ಪಿರಿಯಾಪಟ್ಣಾ!” ಎಂದು ನಾನು ಕೂಗಿ, ಕೆಮ್ಮಿದೆ. ಮತ್ತೆ ನಗು. ಅವಳ ವಾಕ್ಯ ಮುಗಿಯಲೇ ಇಲ್ಲ. “ಚಿಕ್ಕದೇ ಕೊಟ್ಬುಡು” ಎಂದಳು.

ಮುಗಿಯದ ಆ ವಾಕ್ಯದಲ್ಲಿ ಇದ್ದದ್ದು ಇದು: ಮಾದೇವಣ್ಣನ ಗಂಟಲಲ್ಲಿ ಗಡ್ಡೆ. ಮೈಸೂರಿನಲ್ಲಿ ಆಪರೇಷನ್. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಡ್ಮಿಟ್ ಆಗುವ ಮುಂಚೆ ಅವನ ದನಿಯನ್ನು ಹಿಡಿದಿಡಬೇಕೆಂದು ಮಗಳು ಬಂದಿದ್ದಳು.

ಇನ್ನು ನಮ್ಮ ಅಂಗಡಿಯ ಒಂದು ಪದ್ಧತಿ ಹೇಳಬೇಕು. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು, ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡಬೇಕು ಎಂಬುದು ನಮ್ಮ ಕಡೆ ಎಲ್ಲರ ಮನೆಯ ಶಾಸ್ತ್ರ. ಸ್ವಾಮಣ್ಣನವರು ಅದನ್ನು ಅಂಗಡಿಗೂ ತಂದಿದ್ದರು. “ಖಾಲಿ ಡಬ್ಬಿ ಕೈಗಿಟ್ಟು ಕಳಿಸ್ಬೇಡ ಕಣಯ್ಯ, ಹೆಣ್ಮಗಳು ಬೇರೆ” ಎಂದು ಅಂದೂ ಒಳಗಿಂದಲೇ ಹೇಳಿದರು. ಅವರು ಹೇಳಿದ್ದು ಒಂದು ಚೂರು ಬೆಲ್ಲದ ಲೆಕ್ಕದಲ್ಲಿ. ನಾನು ಧಾರಾಳಿ. ಮಂಜಕ್ಕನನ್ನು ಗೋಳುಹೊಯ್ದುಕೊಂಡದ್ದಕ್ಕೆ ಪ್ರಾಯಶ್ಚಿತ್ತವೂ ಆಗಲಿ ಎಂದು, ಆಕೆ ಕಾಫಿ ಕುಡಿಯುವಷ್ಟರಲ್ಲಿ ಆ ಪುಟ್ಟ ಡಬ್ಬಿಗೆ ಹಾಡು ಗಿಡಿದು ಗಿಡಿದು ತುಂಬಿದೆ. ಇನ್ನೊಂದು ಹಾಡು ಹಿಡಿಯುವುದಿಲ್ಲ ಎಂದು ಕಂಪ್ಯೂಟರ್ ಹೇಳುವವರೆಗೂ ತುಂಬಿದೆ.

ಮಾತಿನ ರೆಕಾರ್ಡಿಂಗ್ ಹಾಡಿನಷ್ಟು ಜಾಗ ತಿನ್ನುವುದಿಲ್ಲ. ಖಾಲಿ ಕೊಟ್ಟಿದ್ದರೆ ಆ ಹೆಬ್ಬೆರಳಿನಷ್ಟು ಚಿಕ್ಕದರಲ್ಲೇ ಏಳೆಂಟು ಗಂಟೆ ಮಾತು ಹಿಡಿಯುತ್ತಿತ್ತು. ನಾನು ತುಂಬಿಸಿ ಕೊಟ್ಟ ಮೇಲೆ ಉಳಿದದ್ದು ಏಳೆಂಟು ನಿಮಿಷದ ಜಾಗ.

ಸುಮಾರು ಒಂದು ತಿಂಗಳು ಸ್ಟ್ಯಾಂಡಿನಲ್ಲಿ ಮಾದೇವಣ್ಣನ ಕೂಗು ಕೇಳಲಿಲ್ಲ. ಆಪರೇಷನ್ ಆಯಿತಂತೆ ಎಂದು ಯಾರೋ ಹೇಳಿದ ದಿನದಿಂದ ನಾನು ಆ ಐಟಂ ನಿಲ್ಲಿಸಿದೆ. ಆಮೇಲೆ ಮಂಜಕ್ಕ ಬಂದಳು. ಪ್ಲೇಯರನ್ನು ಕೌಂಟರಿನ ಮೇಲಿಟ್ಟು, ಅಂದು ಅರ್ಧಕ್ಕೆ ನಿಂತದ್ದನ್ನೆಲ್ಲ ಈಗ ಹೇಳಿದಳು. ನಾನು ಸ್ಪೀಕರಿಗೆ ಸಿಕ್ಕಿಸಿ ಹಾಕಿದೆ.

ಮಾದೇವಣ್ಣನ ದನಿ. “ಬತ್ತಾ ಐತಾ? ಇಷ್ಟ್ ಚಿಕ್ಕುದ್ರೊಳಿಕೆ ನಾನೆಂಗ್ ಇಡಿಸ್ತೀನವ್ವಾ?” ಆಮೇಲೆ ಸ್ಟ್ಯಾಂಡಿನ ಕೂಗು, ಕೆಮ್ಮು, ಪಕ್ಕದ ಮನೆಯವರ ಜೊತೆ ಹೊಗೆಸೊಪ್ಪಿನ ರೇಟಿನ ಮಾತು. ಕೊನೆಗೆ, “ತಡಿ, ಒಂದ್ ಲೋಟ ಕಾಫಿ ಕುಡೀತೀನಿ. ಆಮೇಲೆ ಮಗೀಗೆ ಬಸ್ಸಿಂದು ಏ...”

ಅಲ್ಲಿಗೆ ಕತ್ತರಿಸಿತು. ಮರುಕ್ಷಣ ನಾನು ತುಂಬಿದ್ದ ಒಂದು ಡಪ್ಪಾಂಕುತ್ತು ಹಾಡು ಅಂಗಡಿ ತುಂಬ ಅಬ್ಬರಿಸಿತು.

“ಆಮ್ಯಾಕೆ ಕತ್ಲಾಗೋ ತನಕ ಮಾತಾಡವ್ನೆ ಕಣೋ ನಮ್ಮಪ್ಪ. ಮಿಕ್ಕಿದ್ದೆಲ್ಲಿ?” ಎಂದಳು ಮಂಜಕ್ಕ.

ಕಂಪ್ಯೂಟರಿನಲ್ಲಿ ಹುಡುಕಿದೆ. ಇಲ್ಲದ್ದು ಎಲ್ಲಿ ಸಿಗುತ್ತದೆ? ಜಾಗ ತುಂಬಿ ರೆಕಾರ್ಡಿಂಗ್ ತಾನಾಗಿ ನಿಂತಿತ್ತು. ಕಡಲೆಬೀಜದಷ್ಟು ಪರದೆಯಲ್ಲಿ ಅದು ‘ಫುಲ್’ ಎಂದು ತೋರಿಸಿದ್ದು ಯಾರಿಗೂ ಕಂಡಿರಲಿಲ್ಲ.

“ತುಂಬೋಗಿತ್ತು ಅಕ್ಕ.”

“ಏನ್ ತುಂಬಿತ್ತು?”

“ಹಾಡು.”

“ಯಾರ್ ಕೇಳಿದ್ರು ನಿನ್ನ?”

ಸ್ವಾಮಣ್ಣನವರು ಎದ್ದು ಬಂದು ಆ ದಪ್ಪ ಪ್ಲೇಯರನ್ನು ಅವಳ ಮುಂದಿಟ್ಟರು. “ಇದ್ನ ತಗೊಂಡೋಗವ್ವ, ದುಡ್ಡೇನೂ ಬ್ಯಾಡ.”

ಮಂಜಕ್ಕ ಅದನ್ನು ಮುಟ್ಟಲಿಲ್ಲ. “ಈಗ ಇದ್ರೊಳಿಕೆ ಏನ್ ತುಂಬ್ಲಿ ಸಾವ್ಕಾರ್ರೇ?” ಎಂದು ಕೇಳಿ ಹೊರಟು ಹೋದಳು.

ಮುಂದಿನ ರಜೆಯ ದಿನ ನಾನು ಆ ಇಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡು ರಾವಂದೂರಿನ ಬಸ್ಸು ಹತ್ತಿದೆ. ಜೇಬು ಜೋತು ಬಿದ್ದಿತ್ತು. ಅಂದು ನಾನು ಆಡಿ ತೋರಿಸಿದಷ್ಟೇನೂ ಭಾರವಿರಲಿಲ್ಲ.

ಮಾದೇವಣ್ಣ ಜಗಲಿಯ ಮೇಲೆ ಕೂತಿದ್ದ, ಕೊರಳಿಗೆ ತೆಳ್ಳನೆಯ ಬಿಳಿ ಬಟ್ಟೆ. ತೊಡೆಯ ಮೇಲೆ ಚಂದನ, ನಿದ್ದೆಗೆ ಅಳುವ ಹೊತ್ತು. “ಬಸ್ ಏಳು ತಾತ, ಬಸ್ ಏಳು” ಎಂದು ತಾತನ ಗಲ್ಲ ಹಿಡಿದು ಅಲ್ಲಾಡಿಸುತ್ತಿದ್ದ. ತಾತ ಬಾಯಿ ಆಡಿಸುತ್ತಿದ್ದ, ಗಾಳಿ ಬರುತ್ತಿತ್ತು. ಮಗುವನ್ನು ಮಲಗಿಸುವಾಗ ಮಾದೇವಣ್ಣ ಜೋಗುಳ ಹಾಡುತ್ತಿರಲಿಲ್ಲ, ಬಸ್ಸಿನ ಊರುಗಳನ್ನು ಹೇಳುತ್ತಿದ್ದ ಎಂದು ಮಂಜಕ್ಕ ಬಾಗಿಲಲ್ಲಿ ನಿಂತೇ ಹೇಳಿದಳು. ರೆಕಾರ್ಡ್ ಆಗದೆ ಹೋದದ್ದು ಅದೇ.

ನನ್ನನ್ನು ಕಂಡದ್ದೇ ಮಾದೇವಣ್ಣ ನಕ್ಕ. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಕೈ ಅಡ್ಡ ಹಿಡಿದ. ತನ್ನ ಗಂಟಲು ತೋರಿಸಿದ, ನನ್ನ ಗಂಟಲು ತೋರಿಸಿದ, ಮಗುವನ್ನು ತೋರಿಸಿದ.

ನಾನು ಸ್ಟ್ಯಾಂಡಿನ ಕೂಗು ಕೂಗಿದೆ. ಮಗು ಬೆಚ್ಚಿ ಇನ್ನೂ ಜೋರಾಗಿ ಅತ್ತಿತು. ಮಾದೇವಣ್ಣ ತಲೆಯಾಡಿಸಿ, ಅಂಗೈಯನ್ನು ಕೆಳಕ್ಕೆ ಒತ್ತಿ ತೋರಿಸಿದ: ಇಳಿಸು, ಇನ್ನೂ ಇಳಿಸು. “ಅಂಗಲ್ಲ ಕಣೋ, ಮನೇಲಿ ಅಪ್ಪ ಕೂಗ್ತಿರ್ಲಿಲ್ಲ” ಎಂದಳು ಮಂಜಕ್ಕ. ವರ್ಷಗಟ್ಟಲೆ ಅವನನ್ನು ಅಣಕಿಸಿದವನಿಗೆ ಅವನ ಈ ದನಿ ಗೊತ್ತೇ ಇರಲಿಲ್ಲ. ಅವನು ಮಗುವಿನ ಬೆನ್ನು ತಟ್ಟತೊಡಗಿದ. ಆ ತಟ್ಟಿಗೆ ಸರಿಯಾಗಿ ನಾನು ಹೇಳತೊಡಗಿದೆ. ತಪ್ಪಿದಲ್ಲೆಲ್ಲ ಮಂಜಕ್ಕ ತಿದ್ದಿದಳು. “ಕಂಪ್ಲಾಪುರದಲ್ಲಿ ಒಸಿ ನಿಂತ್ಕೊ. ಜನ ಅತ್ಬೇಕಲ್ಲ.”

ಕಂಪ್ಲಾಪುರ... ಅತ್ಕಳ್ಳಿ, ನಿಧಾನ... ಪಿರಿಯಾಪಟ್ಣ... ರಾವಂದೂರು ಬಂತು ಮಗಾ, ಇಳ್ಕೊ.

ಎಷ್ಟು ಸಲ ಆ ಬಸ್ಸು ಓಡಿಸಿದೆನೋ. ಒಂದು ಸಲ ರಾವಂದೂರಿಗೆ ಬಂದಾಗ ಚಂದನನ ಕಣ್ಣು ಮುಚ್ಚಿತ್ತು. ನಾನು ಜಗಲಿಯ ಮೇಲಿಟ್ಟಿದ್ದ ಇಟ್ಟಿಗೆ ಮಂಜಕ್ಕನ ಕೈಯಲ್ಲಿತ್ತು, ಅದರ ರೆಕಾರ್ಡಿಂಗಿನ ಕೆಂಪು ದೀಪ ಉರಿಯುತ್ತಿತ್ತು. ಅವಳು ಮುಖ ಅತ್ತ ತಿರುಗಿಸಿಕೊಂಡಿದ್ದಳು. ಆ 20 ಜಿಬಿಯಲ್ಲಿ ಆಮೇಲೆ ಅವರು ಬೇರೇನನ್ನೂ ತುಂಬಲಿಲ್ಲ.

ಈಗ ಪ್ಲೇಯರುಗಳ ವ್ಯಾಪಾರವನ್ನು ಮೊಬೈಲ್ ನುಂಗಿದೆ. ನಾನು ಮೆಮೊರಿ ಕಾರ್ಡ್ ಮಾರುತ್ತೇನೆ. ಗಿರಾಕಿಗಳು ಎಷ್ಟು ಹಾಡು ಹಿಡಿಯುತ್ತದೆ ಎಂದು ಕೇಳುತ್ತಾರೆ, ಯಾತಕ್ಕೆ ಬೇಕು ಎಂದು ನಾನು ಕೇಳುತ್ತೇನೆ. ಸ್ವಾಮಣ್ಣನವರೇ ಈಗ ಡಬ್ಬಿ ಖಾಲಿ ಕೊಡಲು ಹೇಳಿದ್ದಾರೆ. ಮಾದೇವಣ್ಣ ಸ್ಟ್ಯಾಂಡಿಗೆ ವಾಪಸಾಗಿ, ಬಸ್ಸಿನ ತಗಡಿಗೆ ಕೋಲಿನಿಂದ ಬಡಿದು ಜನರನ್ನು ಹತ್ತಿಸುತ್ತಾನೆ.

ಮೊನ್ನೆ ತಾತನ ಜೊತೆ ಚಂದನ ಅಂಗಡಿಗೆ ಬಂದಿದ್ದ. ಒಂದನೇ ಕ್ಲಾಸು. ಇಟ್ಟಿಗೆಯ ಚಾರ್ಜರ್ ಕೆಟ್ಟಿತ್ತು. ಸರಿಮಾಡಿ ಹಾಕಿದಾಗ ನನ್ನದೇ ದನಿ ಮೆಲ್ಲಗೆ ಹೊರಟಿತು: ಕಂಪ್ಲಾಪುರ... ಅತ್ಕಳ್ಳಿ, ನಿಧಾನ...

“ಇದು ನಮ್ ತಾತನ್ ದನಿ ಕಣಣ್ಣ,” ಎಂದ ಹುಡುಗ, ಹೆಮ್ಮೆಯಿಂದ. “ನಾನ್ ಚಿಕ್ಕೋನಾಗಿದ್ದಾಗ ಇಂಗೇ ಏಳೋರು. ನಂಗ್ ಗ್ಯಾಪ್ಕ ಐತೆ.”

ನನ್ನ ನಾಲಗೆಯ ತುದಿಗೆ ಮಾತು ಬಂತು. ಅವನ ಹಿಂದೆ ನಿಂತಿದ್ದ ಮಾದೇವಣ್ಣ ನನ್ನನ್ನೇ ನೋಡುತ್ತ ತುಟಿಯ ಮೇಲೆ ಬೆರಳಿಟ್ಟ.

ನಾನು ಬಾಯಿ ಮುಚ್ಚಿಕೊಂಡೆ. ಮಂಜಕ್ಕ “ನಮ್ಮಪ್ಪಂದು ಗಂಟ್ಲು” ಎಂದ ದಿನ ಇದೇ ಕೌಂಟರಿನ ಹಿಂದೆ ನಾನು ಮಾಡಬೇಕಿದ್ದ ಕೆಲಸವೂ ಅಷ್ಟೇ ಇತ್ತು.