ಗೋಂದಣ್ಣನ ಚೀಟಿ

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹರಿದ ಪುಸ್ತಕ ಹೊಲಿಯುತ್ತಿದ್ದ ಬೈಂಡರನ್ನು ಎಲ್ಲರೂ ಗೋಂದಣ್ಣ ಅನ್ನುತ್ತಿದ್ದರು. ಬೆರಳಲ್ಲಿ ಸದಾ ಗೋಂದು. ಕೈಕುಲುಕಿದವರು ಬಿಡಿಸಿಕೊಳ್ಳಲು ಒಂದು ಗಳಿಗೆ ಒದ್ದಾಡಬೇಕು. ಜೊತೆಗೆ ಓದುವ ಹುಚ್ಚು. ಆದರೆ ಹರಿಯದ ಪುಸ್ತಕವನ್ನು ಆಸಾಮಿ ಮುಟ್ಟುತ್ತಿರಲಿಲ್ಲ. ನಾಲ್ಕು ಜನ ಎಳೆದಾಡದ ಪುಸ್ತಕದಲ್ಲಿ ಏನು ಮಣ್ಣು ಇರುತ್ತೆ ಅಂತ ಅವನ ವಾದ. ಒಪ್ಪಬೇಕಾದ ಮಾತೇ, ಬಿಡಿ.

ಇಷ್ಟೆಲ್ಲ ಓದಿಯೂ ಅವನಿಗೊಂದು ಕೊರಗು. ಏನು ಓದಲಿ ಅಂತ ಅವನನ್ನು ಒಂದು ನರಪಿಳ್ಳೆಯೂ ಕೇಳಿದ್ದಿಲ್ಲ. ಕೇಳುತ್ತಿದ್ದುದು ಕಕ್ಕಸು ಎಲ್ಲಿದೆ ಅಂತ. ಎಲೆ ಉದುರುವ ಕಾಲ ಬಂತೆಂದರೆ ಬಾಗಿಲ ಬಳಿ ಬೋರ್ಡು ನಿಲ್ಲಿಸಿ, ಈ ತಂಪಿನಲ್ಲಿ ಓದಲು ಚೆನ್ನಾಗಿರುತ್ತೆ ಅಂತ ಕೆಲಸದವರೆಲ್ಲ ತಮಗಿಷ್ಟವಾದ ಒಂದೊಂದು ಪುಸ್ತಕದ ಚೀಟಿ ಅಂಟಿಸುವುದು ಅಲ್ಲಿನ ವಾಡಿಕೆ. ಕಸ ಗುಡಿಸುವಾಕೆಯೂ ಬರೆಯುತ್ತಿದ್ದಳು, ವಾಚ್‌ಮನ್ನೂ ಬರೆಯುತ್ತಿದ್ದ. ಚೀಟಿಗಳಿಗೆ ಗೋಂದು ಹಚ್ಚಿಕೊಡುವುದಷ್ಟೇ ಗೋಂದಣ್ಣನ ಪಾಲಿನ ಕೆಲಸ. ಹೊಟ್ಟೆ ಉರಿಯದೆ ಇರುತ್ತದೆಯೇ?

ಈ ಸಲ ಹೊಸದಾಗಿ ಬಂದ ಲೈಬ್ರರಿಯನ್ ಮೇಡಂ, ನೀವೂ ಒಂದು ಬರೆಯಿರಿ ಅಂದುಬಿಟ್ಟರು. ಗೋಂದಣ್ಣನಿಗೆ ಎರಡು ದಿನ ಊಟ ಸೇರಲಿಲ್ಲ. ಯಾವುದು ಬರೆಯಲಿ, ಯಾವುದು ಬರೆಯಲಿ ಅಂತ ಹೆಂಡತಿಯ ತಲೆ ತಿಂದು ಹಾಕಿದ. ಕೊನೆಗೆ ಆಗಷ್ಟೇ ಹೊಲಿದು ಮುಗಿಸಿದ್ದ ಒಂದು ದಪ್ಪ ಪ್ರೇಮಕತೆಯ ಹೆಸರು ಬರೆದು, ಕೊನೆಯ ಅಧ್ಯಾಯಕ್ಕೆ ಮುಂಚೆ ಕರ್ಚೀಫು ಹತ್ತಿರ ಇಟ್ಟುಕೊಳ್ಳಿ ಅಂತ ಕೆಳಗೊಂದು ಸಾಲು ಸೇರಿಸಿದ.

ಆ ಪುಸ್ತಕವನ್ನು ಮೊದಲು ಒಯ್ದವರು ರಿಟೈರಾದ ಹೆಡ್‌ಮಾಸ್ಟರು. ಮಹಾ ಸಿಡುಕರು. ನಾಲ್ಕು ದಿನ ಗೋಂದಣ್ಣ ಸೂಜಿ ಹಿಡಿದುಕೊಂಡೇ ಬಾಗಿಲಲ್ಲಿ ಇಣುಕಿ ಇಣುಕಿ ನೋಡಿದ. ಐದನೆಯ ದಿನ ಅವರು ಬಂದವರೇ ಪುಸ್ತಕವನ್ನು ಮೇಡಂ ಮೇಜಿನ ಮೇಲೆ ಕುಕ್ಕಿದರು.

“ಮುನ್ನೂರು ಪುಟ ಆ ಹುಡುಗ ಒಂದು ಮಾತು ಆಡಲಿಲ್ಲ. ಕೊನೆಗೂ ಹೇಳೋಕೆ ಅಂತ ಬಾಯಿ ತೆರೆದ. ಪುಟ ತಿರುಗಿಸಿದರೆ ಇನ್‌ಸ್ಪೆಕ್ಟರು ಬಂದು ಅಡುಗೆಯವನಿಗೆ ಬೇಡಿ ಹಾಕ್ತಾನೆ. ಯಾರಯ್ಯಾ ಈ ಅಡುಗೆಯವನು?”

ಗೋಂದಣ್ಣನಿಗೆ ಆಗ ನೆನಪಾಯಿತು. ಹೊಲಿದ ದಿನ ತನ್ನ ಮೇಜಿನ ಮೇಲೆ ಎರಡು ಪುಸ್ತಕ ಬಿಚ್ಚಿ ಹಾಕಿದ್ದ. ಒಂದು ಇದು, ಇನ್ನೊಂದು ಕೊಲೆಯ ಕತೆ. ಎರಡರದೂ ಒಂದೇ ಅಳತೆ, ಒಂದೇ ಕಾಗದ. ಹೊಲಿಯುವ ಮುಂಚೆ ಪ್ರೇಮಕತೆಯ ಕೊನೆ ಓದಿ ಗೊಳೋ ಅಂತ ಅತ್ತು, ಕನ್ನಡಕ ಮಂಜಾಗಿ, ಇದರ ಬಾಲ ಅದಕ್ಕೆ, ಅದರ ಬಾಲ ಇದಕ್ಕೆ ಹೊಲಿದುಬಿಟ್ಟಿದ್ದ. ನಡೆದದ್ದನ್ನು ತೊದಲುತ್ತಾ ಒಪ್ಪಿಕೊಂಡ. ಮೇಡಂ ಎದ್ದು ಹೋಗಿ ಬೋರ್ಡಿನಿಂದ ಅವನ ಚೀಟಿ ಕೀಳತೊಡಗಿದರು. ಪಾಪ, ಅವನ ಮುಖ ನೋಡಲಾಗುತ್ತಿರಲಿಲ್ಲ.

“ಅದಿರಲಿ,” ಅಂದರು ಮೇಷ್ಟ್ರು. “ಆ ಹುಡುಗ ಹೇಳಿದನೋ ಇಲ್ಲವೋ?”

ಕೊಲೆಯ ಪುಸ್ತಕ ತರಿಸೋಣವೆಂದರೆ ಅದನ್ನು ಒಯ್ದಾಕೆ ಮಗಳ ಬಾಣಂತನಕ್ಕೆ ಹೋಗಿದ್ದಳು, ಬರುವುದು ಇನ್ನು ಮೂರು ತಿಂಗಳಿಗೆ. ಬೇರೆ ದಾರಿಯಿಲ್ಲದೆ ಗೋಂದಣ್ಣ ನಿಂತಲ್ಲೇ ಬಾಯಲ್ಲಿ ಹೇಳತೊಡಗಿದ. ರೈಲಿನ ಕಿಟಕಿಯಲ್ಲಿ ಬಾಯಿ ತೆರೆದ ಹುಡುಗನಿಗೆ ಬಿಕ್ಕಳಿಕೆ ಹತ್ತಿತಂತೆ. ಗೋಂದಣ್ಣ ಬಿಕ್ಕಳಿಸಿಯೂ ತೋರಿಸಿದ. ಹುಡುಗಿ ನೀರು ತರಲು ಹೋದಳಂತೆ, ರೈಲು ಹೊರಟಿತಂತೆ, ಅವಳು ಲೋಟ ಹಿಡಿದು ಪ್ಲಾಟ್‌ಫಾರಂ ಉದ್ದಕ್ಕೂ ಓಡಿದಳಂತೆ. ಪೇಪರು ಓದುತ್ತಿದ್ದವರು ಪೇಪರು ಕೆಳಗಿಟ್ಟರು. ಕೀಳುತ್ತಿದ್ದ ಚೀಟಿ ಮೇಡಂ ಬೆರಳಲ್ಲೇ ಅರ್ಧ ನೇತಾಡುತ್ತಿತ್ತು. ಅವಳು ಕಿಟಕಿಯಲ್ಲಿ ನೀರು ಕೊಟ್ಟು, ಅವನು ಹೇಳಬೇಕಿದ್ದ ಮಾತನ್ನು ತಾನೇ ಹೇಳುವಲ್ಲಿಗೆ ಬಂದಾಗ ಗೋಂದಣ್ಣ ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ. ಮೇಷ್ಟ್ರು, ಕಣ್ಣಿಗೆ ಏನೋ ಬಿತ್ತು ಅಂತ ಕರ್ಚೀಫಿಗಾಗಿ ಜೇಬು ತಡಕಾಡಿದರು.

ಆಮೇಲೆ ಮೇಜಿನ ಮೇಲಿದ್ದ ಪೆನ್ಸಿಲು ಎತ್ತಿಕೊಂಡು, ಆ ಇನ್‌ಸ್ಪೆಕ್ಟರು ಬರುವ ಪುಟದ ನೆತ್ತಿಯಲ್ಲಿ ದುಂಡಗೆ ಬರೆದರು: “ಇಲ್ಲಿಂದ ಮುಂದೆ ಬೈಂಡರನ್ನು ಕೇಳಿ.”

ಅಂದಿನಿಂದ ಆ ಪುಸ್ತಕ ಒಯ್ದವರೆಲ್ಲ ಹಿಂದಿನ ಕೋಣೆಯ ಬಾಗಿಲು ತಟ್ಟತೊಡಗಿದರು. ಮೂರು ತಿಂಗಳಾದ ಮೇಲೆ ಕೊಲೆಯ ಪುಸ್ತಕವೂ ವಾಪಸ್ಸು ಬಂತು. ಎರಡನ್ನೂ ಬಿಚ್ಚಿ ಸರಿಮಾಡಿ ಅಂದರು ಮೇಡಂ.

“ದಾರ ಮುಗಿದಿದೆ ಮೇಡಂ,” ಅಂದ ಗೋಂದಣ್ಣ.